ಪ್ರಯೋಗಾಲಯದ ಫಲ ಪೇಟೆ ಸೇರಬೇಕಾದರೆ: ಮೈಸೂರು, ಮಂಡ್ಯದ ಸಂಶೋಧಕರಿಗೊಂದು ಸಮಗ್ರ ಮಾರ್ಗದರ್ಶಿ

ಮತ ಹಾಕಿದವರ ಎಡಗೈ ತೋರುಬೆರಳಿಗೆ ಹಚ್ಚುವ ಶಾಯಿ ಮೈಸೂರಿನಲ್ಲಿ ತಯಾರಾಗುತ್ತದೆ ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಅದರ ಸೂತ್ರ ಬಂದದ್ದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಿಂದ. ತಯಾರಿಸಲು ಲೈಸೆನ್ಸ್ ಕೊಟ್ಟದ್ದು ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮ. ಬಣ್ಣ ಕಾಯಿಸಿ, ಬೆರೆಸಿ, ಬಾಟಲಿಗೆ ತುಂಬುವ ಕಸುಬು ಗೊತ್ತಿದ್ದದ್ದು 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಸ್ಥಾಪಿಸಿದ, ಇಂದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂದು ಹೆಸರಾಗಿರುವ ಕಾರ್ಖಾನೆಗೆ. ಕೊಳ್ಳಲು ಸಿದ್ಧವಾಗಿದ್ದದ್ದು ಚುನಾವಣಾ ಆಯೋಗ. 1962ರ ಸಾರ್ವತ್ರಿಕ ಚುನಾವಣೆಯಿಂದ ಈ ಏರ್ಪಾಡು ನಡೆದುಕೊಂಡು ಬಂದಿದೆ. ನಾಲ್ವರಲ್ಲಿ ಒಬ್ಬರು ಇಲ್ಲದಿದ್ದರೂ ಸಿಲ್ವರ್ ನೈಟ್ರೇಟಿನ ಆ ಸೂತ್ರ ಕಪಾಟಿನೊಳಗೇ ಉಳಿದುಬಿಡುತ್ತಿತ್ತು.

ಇನ್ನೊಂದು ನಮ್ಮೂರಿನದೇ. ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ನೆಲೆಗೊಂಡ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, ಅಂದರೆ ನಾವೆಲ್ಲ ಕರೆಯುವ ಸಿಎಫ್‌ಟಿಆರ್‌ಐ, ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನ ರೂಪಿಸಿತು. ಅದನ್ನು ಡಬ್ಬಿಗೆ ತುಂಬಿ ದೇಶದ ಮನೆಮನೆಗೆ ಮುಟ್ಟಿಸಿದ್ದು ಅಮುಲ್. ಹಾಲು ಅವರ ಹತ್ತಿರವಿತ್ತು, ವಿದ್ಯೆ ಇವರ ಹತ್ತಿರವಿತ್ತು.

ಇಂಥ ಪರಂಪರೆಯಿರುವ ಊರಿನಲ್ಲಿ ಇಂದು ಒಡಂಬಡಿಕೆಗಳಿಗೆ ಬರವಿಲ್ಲ. ವೇದಿಕೆಯ ಮೇಲೆ ಫೈಲು ಬದಲಾಯಿಸಿಕೊಂಡು ಫೋಟೊ ತೆಗೆಸಿಕೊಂಡ ಮೇಲೆ ಎರಡೂ ಕಡೆಯವರು ಮತ್ತೆ ಮಾತಾಡದ ಕಡತಗಳು ವಿಭಾಗ ವಿಭಾಗದಲ್ಲೂ ಇವೆ. ನನ್ನ ಖಚಿತ ಅಭಿಪ್ರಾಯ ಇಷ್ಟು: ಉದ್ದಿಮೆಯ ಜತೆಗಿನ ಸಂಬಂಧ ದೊಡ್ಡ ಒಡಂಬಡಿಕೆಯಿಂದ ಶುರುವಾಗಬಾರದು. ಅವರದೇ ಕಚ್ಚಾ ಸಾಮಗ್ರಿಯ ಮೇಲೆ, ಅವರು ಹಣ ಕೊಟ್ಟು ಮಾಡಿಸುವ, ಎರಡು ಮೂರು ತಿಂಗಳ ಒಂದು ಸಣ್ಣ ಕೆಲಸದಿಂದ ಶುರುವಾಗಬೇಕು. ಮುಂದಿನ ಹಂತಗಳೆಲ್ಲ ಆ ಸಣ್ಣ ಕೆಲಸದತ್ತ ಹೋಗುವ ಮತ್ತು ಅಲ್ಲಿಂದ ಬೆಳೆಯುವ ದಾರಿ.

ವಿವರಿಸಲು ಒಂದು ಕಾಲ್ಪನಿಕ ಉದಾಹರಣೆ ಇಟ್ಟುಕೊಳ್ಳೋಣ. ಮಾನಸಗಂಗೋತ್ರಿಯ ಒಂದು ವಿಭಾಗದಲ್ಲಿ, ಕಬ್ಬಿನ ರಸದ ಕೊಳೆ ತೆಗೆಯುವ ಸಸ್ಯಮೂಲದ ಪುಡಿಯೊಂದು ಸಿದ್ಧವಾಗಿದೆ. ಅದನ್ನು ಹಾಕಿದರೆ ಹೈಡ್ರೋಸ್ (ಬೆಲ್ಲಕ್ಕೆ ತಿಳಿಬಣ್ಣ ಬರಿಸಲು ಹಾಕುವ, ಗಂಧಕವಿರುವ ರಾಸಾಯನಿಕ) ಇಲ್ಲದೆಯೂ ಬೆಲ್ಲ ಹೊಂಬಣ್ಣಕ್ಕೆ ಬರುತ್ತದೆ. ಬೀಕರಿನಲ್ಲಿ ಫಲಿತಾಂಶ ಚೆನ್ನಾಗಿದೆ. ಇನ್ನು ಮುಂದೆ?

ಹಂತ 1: ಆಲೆಮನೆಗೆ ಹೋಗಿ

ಪೇಟೆಂಟ್ ವಕೀಲರಿಗಿಂತ ಮೊದಲು, ಹೂಡಿಕೆದಾರರಿಗಿಂತ ಮೊದಲು, ಪಾಂಡವಪುರದ ಕಡೆಯೋ ಮದ್ದೂರಿನ ಕಡೆಯೋ ಒಂದು ಆಲೆಮನೆಗೆ ಹೋಗಿ ಒಂದಿಡೀ ದಿನ ಕುಳಿತುಕೊಳ್ಳಿ. ಸೂತ್ರದ ಬಗ್ಗೆ ತುಟಿ ಬಿಚ್ಚಬೇಡಿ. ಅದಕ್ಕೆ ಕಾರಣ ಮುಂದಿನ ಹಂತದಲ್ಲಿದೆ. ಕೇಳಿ, ನೋಡಿ, ಬರೆದುಕೊಳ್ಳಿ.

ಗಾಣದಿಂದ ರಸ ಕೊಪ್ಪರಿಗೆಗೆ ಬೀಳುತ್ತದೆ. ಕೆಳಗೆ ಒಣಗಿದ ಕಬ್ಬಿನ ಸಿಪ್ಪೆಯ ಬೆಂಕಿ. ಕಾಯುತ್ತಿದ್ದಂತೆ ಮೇಲೆ ಕಪ್ಪು ನೊರೆ ಕಟ್ಟುತ್ತದೆ, ಅದನ್ನು ಜಾಲರಿಯಲ್ಲಿ ಎತ್ತಿ ಹಾಕುತ್ತಾರೆ. ಸುಣ್ಣ ಎಷ್ಟು ಹಾಕಬೇಕು ಎಂಬುದು ಅಳತೆಯಲ್ಲಿಲ್ಲ, ಪಾಕ ನೋಡಿಕೊಳ್ಳುವವರ ಕಣ್ಣಿನಲ್ಲಿದೆ. ಪಾಕ ಇಳಿಸುವ ಹೊತ್ತಿಗೆ ಉಷ್ಣತೆ 118 ಡಿಗ್ರಿ ಸೆಲ್ಸಿಯಸ್ ಆಸುಪಾಸಿರುತ್ತದೆ. ಆದರೆ ಅಲ್ಲಿ ಥರ್ಮಾಮೀಟರ್ ಇರುವುದಿಲ್ಲ. ನೀರಿಗೆ ಒಂದು ತೊಟ್ಟು ಪಾಕ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಹೈಡ್ರೋಸ್ ಹಾಕುವುದು ಏಕೆ ಎಂದು ಕೇಳಿದರೆ ಉತ್ತರ ನೇರವಾಗಿರುತ್ತದೆ: ಬಣ್ಣವಿಲ್ಲದ ಬೆಲ್ಲಕ್ಕೆ ಮಂಡಿಯಲ್ಲಿ ರೇಟು ಬೀಳುತ್ತದೆ.

ಈ ಒಂದು ಮಾತು ನಿಮ್ಮ ಯೋಜನೆಯ ದಿಕ್ಕನ್ನೇ ಬದಲಿಸಬಲ್ಲದು. ನಷ್ಟದ ಭಯ ಆಲೆಮನೆಯವರದು. ಬೆಲೆ ಕಟ್ಟುವವರು ಮಂಡಿಯವರು. ಗಂಧಕದ ಡೈಆಕ್ಸೈಡ್ ಅಂಶ 70 ಪಿಪಿಎಂ ಮೀರಬಾರದೆಂಬ ಆಹಾರ ಸುರಕ್ಷತಾ ನಿಯಮಕ್ಕೆ ತಲೆಕೊಡಬೇಕಾದವರು ಪ್ಯಾಕೆಟ್ ಬೆಲ್ಲ ಮಾರುವ ಕಂಪನಿಯವರು. ಹಾಗಾದರೆ ನಿಮ್ಮ ಪುಡಿಗೆ ನಿಜವಾಗಿ ಹಣ ಕೊಡುವವರು ಯಾರು? ಬಹುಶಃ ಆ ಮೂರನೆಯವರು. ಅವರಿಗೆ ಪರೀಕ್ಷೆಯಲ್ಲಿ ಪಾಸಾಗುವ ಬೆಲ್ಲ ಬೇಕು, ರಫ್ತಿಗೆ ಹೊರಟರಂತೂ ಬೇಕೇ ಬೇಕು. ಮಂಡ್ಯದ ಎಪಿಎಂಸಿಗೂ ಹೋಗಿ ಬನ್ನಿ. ಅಚ್ಚು, ಬಕೆಟ್, ಕುರಿಕಾಟು ಎಂಬ ಒಂದೊಂದು ಬಗೆಗೂ ಬೇರೆ ಗಿರಾಕಿ, ಬೇರೆ ಬೆಲೆ.

ವಾಪಸಾದ ಮೇಲೆ ಒಂದು ಹಾಳೆಯಲ್ಲಿ ಬರೆಯಿರಿ: ಯಾರ ಯಾವ ಖರ್ಚು ಎಷ್ಟು ಇಳಿಯುತ್ತದೆ, ಅಥವಾ ಯಾರ ಆದಾಯ ಎಷ್ಟು ಏರುತ್ತದೆ, ಒಂದು ಕ್ವಿಂಟಾಲಿಗೆ. ಒಂದು ಕ್ವಿಂಟಾಲ್ ಬೆಲ್ಲಕ್ಕೆ ನಿಮ್ಮ ಪುಡಿಯ ಖರ್ಚು 40 ರೂಪಾಯಿ ಆಗಿ, ಬೆಲೆ 100 ರೂಪಾಯಿ ಹೆಚ್ಚು ಸಿಗುವುದಾದರೆ ಮಾತಿಗೆ ಕೂರಬಹುದು. ಖರ್ಚು 100, ಲಾಭ 40 ಆಗುವುದಾದರೆ ಪ್ರಬಂಧ ಪ್ರಕಟಿಸಿ, ಪುಡಿ ಅಗ್ಗವಾಗುವ ದಾರಿ ಹುಡುಕಿ. ಅಂಕಿಗಳು ಉದಾಹರಣೆಗೆ ಹಿಡಿದವು; ನಿಮ್ಮ ಲೆಕ್ಕ ನೀವೇ ಮಾಡಿಕೊಳ್ಳಬೇಕು.

ಇಲ್ಲೇ ಇನ್ನೊಂದು ಮಾತು. ಎಲ್ಲ ಸಂಶೋಧನೆಯನ್ನೂ ಲೈಸೆನ್ಸ್ ಮಾಡಿ ಮಾರಬೇಕಾಗಿಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿ ತಳಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ವಿ-1 ಹಿಪ್ಪುನೇರಳೆ ಕೊಟ್ಟಿತು. ಇವು ರೈತರಿಂದ ರೈತರಿಗೆ, ಇಲಾಖೆಯಿಂದ ಹೊಲಕ್ಕೆ ಹರಡಿ ಬೆಲೆಕಟ್ಟಲಾಗದ ಉಪಕಾರ ಮಾಡಿದವು. ರೈತ ತಾನೇ ಸಸಿ ಮಾಡಿಕೊಂಡು ಹಂಚಬಲ್ಲ ವಸ್ತುವಿಗೆ ಕಂಪನಿ ಬೇಕಿಲ್ಲ. ಕಾರ್ಖಾನೆಯಲ್ಲಿ ಮಾತ್ರ ಒಂದೇ ಗುಣಮಟ್ಟದಲ್ಲಿ ತಯಾರಾಗಬಲ್ಲ, ಮಾರಾಟದ ನಂತರವೂ ಯಾರಾದರೂ ಜವಾಬ್ದಾರಿ ಹೊರಬೇಕಾದ ವಸ್ತುವಿಗೆ ಉದ್ದಿಮೆ ಬೇಕು. ನಿಮ್ಮದು ಯಾವುದು ಎಂದು ಮೊದಲೇ ತೀರ್ಮಾನಿಸಿ.

ಹಂತ 2: ಪ್ರಕಟಿಸುವ ಮೊದಲು ಅರ್ಜಿ ಹಾಕಿ

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಅತಿ ಹೆಚ್ಚು ಹಾನಿಯಾಗುವುದು ಈ ಹಂತದಲ್ಲಿ, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ.

ಪೇಟೆಂಟ್ ಸಿಗಬೇಕಾದರೆ ಆವಿಷ್ಕಾರ ಅರ್ಜಿಯ ದಿನದವರೆಗೆ ಹೊಸದಾಗಿರಬೇಕು. ನೀವೇ ಪ್ರಕಟಿಸಿದ ಲೇಖನವೂ ಅದರ ಹೊಸತನವನ್ನು ಕೆಡಿಸುತ್ತದೆ. ಸಮ್ಮೇಳನದ ಪೋಸ್ಟರ್, ಅಂತರಜಾಲದಲ್ಲಿ ಹಾಕಿದ ಸ್ಲೈಡುಗಳು, ಪತ್ರಿಕೆಗೆ ಕೊಟ್ಟ ಸಂದರ್ಶನ, ವಸ್ತುಪ್ರದರ್ಶನದಲ್ಲಿ ಕೊಟ್ಟ ಮಾದರಿ ಎಲ್ಲವೂ ಇದಕ್ಕೆ ಸೇರುತ್ತವೆ. ಭಾರತದ ಪೇಟೆಂಟ್ ಕಾಯ್ದೆ 1970ರ 31ನೇ ಕಲಮಿನಲ್ಲಿ, ವಿದ್ವತ್ ಸಂಸ್ಥೆಯೊಂದರ ಮುಂದೆ ಓದಿದ ಪ್ರಬಂಧಕ್ಕೆ ಮತ್ತು ಸರ್ಕಾರ ಗೊತ್ತುಪಡಿಸಿದ ಪ್ರದರ್ಶನಕ್ಕೆ 12 ತಿಂಗಳ ವಿನಾಯಿತಿ ಇದೆ ನಿಜ. ಆದರೆ ಅದರ ಬಾಗಿಲು ಕಿರಿದು, ಎಲ್ಲ ದೇಶಗಳೂ ಅದನ್ನು ಒಪ್ಪುವುದಿಲ್ಲ. ಅದನ್ನು ನಂಬಿ ಕೂರಬೇಡಿ.

ಪಿಎಚ್.ಡಿ. ಪ್ರಬಂಧದ್ದು ಇನ್ನೂ ಸೂಕ್ಷ್ಮ. ಮಹಾಪ್ರಬಂಧ, ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾಕ್ಕೆ ಸೇರಿದ ದಿನದಿಂದ ಅದು ಜಗತ್ತಿಗೆಲ್ಲ ತೆರೆದ ಪುಸ್ತಕ. ಮೌಖಿಕ ಪರೀಕ್ಷೆಯೂ ಬಾಗಿಲು ತೆರೆದೇ ನಡೆಯುತ್ತದೆ. ಹಾಗಾಗಿ ಮಾರ್ಗದರ್ಶಕರು ಸಂಶೋಧನಾ ವಿದ್ಯಾರ್ಥಿಯನ್ನು ಕೂರಿಸಿಕೊಂಡು, ಪ್ರಬಂಧ ಸಲ್ಲಿಸಲು ಆರು ತಿಂಗಳಿರುವಾಗಲೇ ಯಾವ ಅಧ್ಯಾಯದಲ್ಲಿ ಪೇಟೆಂಟಿಗೆ ಯೋಗ್ಯವಾದದ್ದಿದೆ ಎಂದು ಗುರುತಿಸಬೇಕು. ಪ್ರಕಟಣೆ ನಿಲ್ಲಿಸಿ ಎಂದು ಯಾರೂ ಹೇಳುತ್ತಿಲ್ಲ. ಬೆಳಿಗ್ಗೆ ಅರ್ಜಿ ಹಾಕಿ ಸಂಜೆ ಲೇಖನ ಕಳಿಸಿದರೂ ಸರಿಯೇ. ಕ್ರಮ ತಲೆಕೆಳಗಾಗಬಾರದು ಅಷ್ಟೆ.

ಎಲ್ಲ ಪ್ರಯೋಗ ಮುಗಿದಿರಬೇಕೆಂದೇನೂ ಇಲ್ಲ. ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿ ದಿನಾಂಕ ಹಿಡಿದುಕೊಳ್ಳಬಹುದು. ಪೂರ್ಣ ವಿವರಣೆಯನ್ನು 12 ತಿಂಗಳೊಳಗೆ ಕೊಡಬೇಕು. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ, ಎಲ್ಲವೂ ಆನ್‌ಲೈನ್. ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ ಶೇ. 80ರಷ್ಟು ರಿಯಾಯಿತಿ ಇದೆ: ಅರ್ಜಿಗೆ 1,600 ರೂಪಾಯಿ, ಪರಿಶೀಲನೆಯ ಕೋರಿಕೆಗೆ 4,000. ಪೇಟೆಂಟ್ ಏಜೆಂಟರ ಸಂಭಾವನೆ ಬೇರೆ, ದೊಡ್ಡ ಖರ್ಚು ಅದೇ. 2024ರ ನಿಯಮಗಳ ಪ್ರಕಾರ ಪರಿಶೀಲನೆಯ ಕೋರಿಕೆಯನ್ನು 31 ತಿಂಗಳೊಳಗೆ ಸಲ್ಲಿಸಬೇಕು. ಹಿಂದೆ ಇದ್ದ 48 ತಿಂಗಳು ಈಗಲೂ ಇದೆ ಎಂದುಕೊಂಡಿರುವವರು ಎಚ್ಚರದಿಂದಿರಿ, ತಪ್ಪಿದರೆ ಅರ್ಜಿ ಹಿಂತೆಗೆದುಕೊಂಡಂತೆ. ಪೇಟೆಂಟಿನ ಅವಧಿ ಅರ್ಜಿಯ ದಿನದಿಂದ 20 ವರ್ಷ.

ಎಲ್ಲಕ್ಕೂ ಪೇಟೆಂಟ್ ಸಿಗುವುದಿಲ್ಲ. ಕಾಯ್ದೆಯ 3ನೇ ಕಲಮನ್ನು ಒಮ್ಮೆ ಪೂರ್ತಿ ಓದಿ. ಬರೀ ಬೆರಕೆ, ಕೃಷಿ ಪದ್ಧತಿ, ಗಿಡ ಮತ್ತು ಬೀಜ, ಬರೀ ಕಂಪ್ಯೂಟರ್ ಪ್ರೋಗ್ರಾಂ, ಪಾರಂಪರಿಕ ಜ್ಞಾನ ಎಲ್ಲ ಹೊರಗೆ. ನಮ್ಮ ಬೆಲ್ಲದ ಪುಡಿಗೆ ಇದು ನೇರವಾಗಿ ತಟ್ಟುತ್ತದೆ. ಬೆಂಡೆ ಗಿಡದ ಲೋಳೆಯಿಂದ ಕಬ್ಬಿನ ರಸ ತಿಳಿಗೊಳಿಸುವುದು ಹಿಂದಿನಿಂದ ಬಂದ ರೂಢಿ. ‘ಬೆಂಡೆ ಲೋಳೆಯಿಂದ ರಸ ಶುದ್ಧಿ’ ಎಂದು ಅರ್ಜಿ ಹಾಕಿದರೆ ನಿಲ್ಲುವುದಿಲ್ಲ. ಆ ಲೋಳೆಯನ್ನು ಗುಣ ಕೆಡದಂತೆ ಒಣಗಿಸಿ, ವರ್ಷವಿಡೀ ಇಡಬಲ್ಲ ಪುಡಿಯಾಗಿಸುವ ವಿಧಾನ ಹೊಸದಾಗಿದ್ದರೆ ಅದು ನಿಲ್ಲಬಹುದು. ನಿಮ್ಮ ಆವಿಷ್ಕಾರದಲ್ಲಿ ಹೊಸದು ಎಲ್ಲಿದೆ ಎಂಬುದನ್ನು ಹೀಗೆ ಬೆರಳಿಟ್ಟು ತೋರಿಸಬೇಕು. ಹೊಸ ಕಬ್ಬಿನ ಅಥವಾ ಭತ್ತದ ತಳಿಯಾದರೆ ದಾರಿ ಬೇರೆ: ಸಸ್ಯ ತಳಿಗಳ ಮತ್ತು ರೈತರ ಹಕ್ಕುಗಳ ಸಂರಕ್ಷಣಾ ಕಾಯ್ದೆ 2001ರ ಅಡಿ ನೋಂದಣಿ. ಅಲ್ಲಿ ರೈತ ತಾನು ಬೆಳೆದ ಬೀಜ ಉಳಿಸಿಕೊಂಡು ಮತ್ತೆ ಬಿತ್ತುವ ಹಕ್ಕು ಹಾಗೇ ಉಳಿಯುತ್ತದೆ, ಉಳಿಯಬೇಕಾದದ್ದೇ.

ಗಿಡ, ಶಿಲೀಂಧ್ರ, ಸೂಕ್ಷ್ಮಾಣು ಬಳಸಿದ್ದರೆ ಜೀವವೈವಿಧ್ಯ ಕಾಯ್ದೆ 2002 ಮತ್ತು ಅದರ 2023ರ ತಿದ್ದುಪಡಿಯನ್ನೂ ನೋಡಬೇಕು. ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಚೆನ್ನೈನಲ್ಲಿದೆ. ಮಾದರಿ ಎಲ್ಲಿಂದ, ಯಾವ ದಿನ, ಯಾರ ಹೊಲದಿಂದ ತಂದಿರಿ ಎಂಬುದನ್ನು ಲ್ಯಾಬ್ ಪುಸ್ತಕದಲ್ಲಿ ಅಂದೇ ಬರೆದಿಟ್ಟರೆ ಮುಂದೆ ಪರದಾಟ ತಪ್ಪುತ್ತದೆ.

ಹಂತ 3: ಒಡೆತನ ಯಾರದು ಎಂದು ಬರಹದಲ್ಲಿ ಇತ್ಯರ್ಥ ಮಾಡಿಕೊಳ್ಳಿ

ಸಾರ್ವಜನಿಕ ಹಣದಲ್ಲಿ ಆದ ಸಂಶೋಧನೆಯ ಒಡೆತನಕ್ಕೆ ಅಮೆರಿಕದಲ್ಲಿ 1980ರ ಬೇ–ಡೋಲ್ ಕಾಯ್ದೆ ಇದೆ. ನಮ್ಮಲ್ಲಿ ಅಂಥದೇ ಉದ್ದೇಶದ ಮಸೂದೆ 2008ರಲ್ಲಿ ರಾಜ್ಯಸಭೆಗೆ ಬಂದಿತು, ಕಾಯ್ದೆಯಾಗಲಿಲ್ಲ. ಆದ್ದರಿಂದ ಇಲ್ಲಿ ಉತ್ತರ ಮೂರು ಕಾಗದಗಳಲ್ಲಿದೆ: ಅನುದಾನ ಮಂಜೂರಾತಿ ಪತ್ರ, ವಿಶ್ವವಿದ್ಯಾಲಯದ ಬೌದ್ಧಿಕ ಆಸ್ತಿ ನೀತಿ, ನಿಮ್ಮ ನೇಮಕಾತಿಯ ಷರತ್ತುಗಳು. ಮೂರನ್ನೂ ಹುಡುಕಿ ತೆಗೆದು ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ. ಕಂಪನಿಯ ವಕೀಲರು ಮೊದಲ ಸಭೆಯಲ್ಲೇ ಇವನ್ನು ಕೇಳುತ್ತಾರೆ.

ಹಕ್ಕಿನ ವರ್ಗಾವಣೆ ಬರಹದಲ್ಲಿದ್ದರೆ ಮಾತ್ರ ಊರ್ಜಿತ. ಪ್ರಯೋಗದಲ್ಲಿ ಕೈಜೋಡಿಸಿದ ಎಂ.ಎಸ್ಸಿ. ವಿದ್ಯಾರ್ಥಿ, ಬೇರೆ ಕಾಲೇಜಿನ ಸಹೋದ್ಯೋಗಿ, ಒಂದು ವರ್ಷವಿದ್ದು ಹೋದ ಪ್ರಾಜೆಕ್ಟ್ ಸಹಾಯಕಿ, ಇವರಲ್ಲಿ ಯಾರ ಬುದ್ಧಿ ಆವಿಷ್ಕಾರದೊಳಗಿದೆಯೋ ಅವರ ಹೆಸರು ಆವಿಷ್ಕಾರಕರ ಪಟ್ಟಿಯಲ್ಲಿರಲೇಬೇಕು, ವಿಶ್ವವಿದ್ಯಾಲಯಕ್ಕೆ ವರ್ಗಾವಣೆ ಪತ್ರಕ್ಕೆ ಸಹಿ ಆಗಿರಲೇಬೇಕು. ವಿಭಾಗದ ಮುಖ್ಯಸ್ಥರೆಂಬ ಗೌರವಕ್ಕೆ ಹೆಸರು ಸೇರಿಸುವುದೂ ತಪ್ಪು, ವಿದ್ಯಾರ್ಥಿ ಎಂದು ಬಿಡುವುದೂ ತಪ್ಪು. ಎರಡೂ ಮುಂದೆ ನ್ಯಾಯಾಲಯದಲ್ಲಿ ಪೇಟೆಂಟನ್ನೇ ಉರುಳಿಸಬಲ್ಲವು. ವಿದ್ಯಾರ್ಥಿ ಕೆಲಸ ಸಿಕ್ಕಿ ಹೈದರಾಬಾದಿಗೋ ಜರ್ಮನಿಗೋ ಹೋದ ಮೇಲೆ ಸಹಿಗೆ ಅಲೆಯುವುದು ಕಷ್ಟ. ಯೋಜನೆಗೆ ಸೇರಿದ ದಿನವೇ ಮಾಡಿಸಿ.

ಹಂತ 4: ಬೀಕರಿನಿಂದ ಕೊಪ್ಪರಿಗೆಗೆ

ತಂತ್ರಜ್ಞಾನ ಎಷ್ಟು ಹಣ್ಣಾಗಿದೆ ಎಂದು ಅಳೆಯಲು ನಾಸಾದಿಂದ ಬಂದ 1ರಿಂದ 9ರ ಮೆಟ್ಟಿಲುಗಳ ಅಳತೆಯನ್ನು ಈಗ ಎಲ್ಲರೂ ಬಳಸುತ್ತಾರೆ. ವಿಶ್ವವಿದ್ಯಾಲಯದ ಕೆಲಸ ಹೆಚ್ಚಾಗಿ 3 ಅಥವಾ 4ರಲ್ಲಿ ನಿಲ್ಲುತ್ತದೆ, ಕಂಪನಿಗೆ 7 ಬೇಕು. ನಡುವಿನ ಮೆಟ್ಟಿಲುಗಳಿಗೆ ಪ್ರಬಂಧವೂ ಸಿಗುವುದಿಲ್ಲ, ಲಾಭವೂ ಬರುವುದಿಲ್ಲ. ಹೆಚ್ಚಿನ ಕನಸುಗಳು ಸಾಯುವುದು ಅಲ್ಲೇ.

ಎರಡು ಲೀಟರ್ ರಸ ಬಿಸಿ ತಟ್ಟೆಯ ಮೇಲೆ ಸಮನಾಗಿ ಕಾಯುತ್ತದೆ. ಸಾವಿರ ಲೀಟರಿನ ಕೊಪ್ಪರಿಗೆಯಲ್ಲಿ ಬುಡ ಸೀಯುವಾಗ ಅಂಚು ಇನ್ನೂ ಬೆಚ್ಚಗಿರುತ್ತದೆ. ಸಿಪ್ಪೆ ಹಸಿಯಾಗಿದ್ದರೆ ಬೆಂಕಿ ಕುಗ್ಗುತ್ತದೆ, ಗಾಳಿ ಎದ್ದರೆ ಭುಗ್ಗೆನ್ನುತ್ತದೆ. ಲ್ಯಾಬಿನಲ್ಲಿ ಕಾಂತದ ಕಡ್ಡಿ ನಿಮಿಷದಲ್ಲಿ ಪುಡಿ ಬೆರೆಸಿತು. ಇಲ್ಲಿ ಉದ್ದ ಹಿಡಿಯ ಸಟ್ಟುಗದಿಂದ ಮನುಷ್ಯ ತಿರುವಬೇಕು, ಪುಡಿ ಗಂಟು ಕಟ್ಟುತ್ತದೆ. ಕಬ್ಬೂ ಒಂದೇ ಅಲ್ಲ. ಕೋ 62175 ತಳಿಯ ರಸಕ್ಕೆ ಸರಿಹೋದ ಪ್ರಮಾಣ ವಿಸಿಎಫ್ 0517 ತಳಿಗೆ ಹೊಂದದೆ ಇರಬಹುದು. ಕಡಿದು ಎರಡು ದಿನವಾದ ಕಬ್ಬು, ಎಳೆ ಕಬ್ಬು, ಕೂಳೆ ಕಬ್ಬು, ಎಲ್ಲದರಲ್ಲೂ ನೋಡಿರಬೇಕು. ಮಾಡಿದ ಬೆಲ್ಲ ಮಳೆಗಾಲದಲ್ಲಿ ನೀರು ಬಿಡುವುದೇ ಎಂಬುದನ್ನು ಮಳೆಗಾಲವೇ ಹೇಳಬೇಕು, ಅದಕ್ಕೆ ಅಡ್ಡದಾರಿ ಇಲ್ಲ.

ಈ ಕೆಲಸಕ್ಕೆ ಎಲ್ಲವನ್ನೂ ಸ್ವಂತಕ್ಕೆ ಕೊಳ್ಳಬೇಕಿಲ್ಲ. ಮಾನಸಗಂಗೋತ್ರಿಯ ವಿಜ್ಞಾನ ಭವನದಲ್ಲಿ ದೊಡ್ಡ ಉಪಕರಣಗಳಿವೆ. ಆಹಾರ ಸಂಸ್ಕರಣೆಯ ಪ್ರಾಯೋಗಿಕ ಘಟಕಗಳ ಅನುಭವ ಸಿಎಫ್‌ಟಿಆರ್‌ಐಗಿದೆ, ನ್ಯೂಟ್ರಾ–ಫೈಟೊ ಇನ್‌ಕ್ಯುಬೇಷನ್ ಕೇಂದ್ರವೂ (ಹೊಸ ಉದ್ದಿಮೆಗಳಿಗೆ ಆಸರೆ ಕೊಡುವ ಜಾಗ) ಅಲ್ಲಿದೆ. ಬೇಗ ಕೆಡದ ಆಹಾರ, ಅದರ ಪೊಟ್ಟಣ ಎಂದರೆ ಸಿದ್ಧಾರ್ಥನಗರದ ರಕ್ಷಣಾ ಆಹಾರ ಸಂಶೋಧನಾಲಯಕ್ಕೆ ದಶಕಗಳ ಅನುಭವ. ಕಬ್ಬು, ಭತ್ತ, ರಾಗಿಯ ಮಾತಾದರೆ ವಿ.ಸಿ. ಫಾರಂ. ಒಲೆ, ಯಂತ್ರ, ಸೆನ್ಸರ್ ಬೇಕಾದರೆ ಮಂಡ್ಯದ ಪಿಇಎಸ್, ಮೈಸೂರಿನ ಎನ್‌ಐಇ, ಎಸ್‌ಜೆಸಿಇ ಎಂಜಿನಿಯರಿಂಗ್ ಕಾಲೇಜುಗಳ ಮೆಕ್ಯಾನಿಕಲ್ ವಿಭಾಗದ ಬಾಗಿಲು ತಟ್ಟಿ. ಒಂದೇ ಊರಿನ ಸಂಸ್ಥೆಗಳು ಒಂದಕ್ಕೊಂದು ಪತ್ರ ಬರೆಯಲು ಹಿಂಜರಿಯುವುದು ನನಗೆ ಬೇಸರ ತರುವ ಸಂಗತಿ. ಹೋಗಿ ಮಾತಾಡಿದರೆ ಸಹಾಯ ಮಾಡುವವರೇ ಹೆಚ್ಚು.

ಪರೀಕ್ಷಾ ವರದಿ ಮಾತ್ರ ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯ, ಅಂದರೆ ಎನ್‌ಎಬಿಎಲ್ ಮಾನ್ಯತೆ ಇರುವ ಪ್ರಯೋಗಾಲಯದಿಂದಲೇ ಇರಲಿ. ನಿಮ್ಮದೇ ವಿಭಾಗದ ವರದಿಯನ್ನು ಕಂಪನಿಯವರು ನಯವಾಗಿ ಪಕ್ಕಕ್ಕಿಡುತ್ತಾರೆ.

ಹಂತ 5: ಪಾಲುದಾರರನ್ನು ಹುಡುಕಿ, ಸಣ್ಣ ಕೆಲಸ ಕೇಳಿ

ಹೆಬ್ಬಾಳ, ಹೂಟಗಳ್ಳಿ, ಕಡಕೊಳ, ನಂಜನಗೂಡು, ಮಂಡ್ಯದ ತೂಬಿನಕೆರೆ: ಕೈಗಾರಿಕಾ ಪ್ರದೇಶಗಳು ಬಸ್ಸಿನ ದೂರದಲ್ಲೇ ಇವೆ. ಯಾವ ಘಟಕ ಏನು ಮಾಡುತ್ತದೆ ಎಂದು ತಿಳಿಯಲು ಜಿಲ್ಲಾ ಕೈಗಾರಿಕಾ ಕೇಂದ್ರ ಮತ್ತು ಮೈಸೂರು ಕೈಗಾರಿಕೆಗಳ ಸಂಘ ಒಳ್ಳೆಯ ಆರಂಭ. ಬೆಲ್ಲದ ವಿಷಯದಲ್ಲಿ ಮಂಡ್ಯಕ್ಕೆ ಇನ್ನೊಂದು ಅನುಕೂಲವಿದೆ: ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಕೇಂದ್ರ ಯೋಜನೆಯಲ್ಲಿ ಜಿಲ್ಲೆಯ ಉತ್ಪನ್ನವಾಗಿ ಆಯ್ಕೆಯಾಗಿರುವುದು ಬೆಲ್ಲವೇ. ಸಬ್ಸಿಡಿ ಪಡೆದು ಆಲೆಮನೆ ಸುಧಾರಿಸಿಕೊಂಡವರ ಪಟ್ಟಿ ಸಿಕ್ಕರೆ, ಹೊಸದನ್ನು ಪರೀಕ್ಷಿಸಲು ಮನಸ್ಸಿರುವವರ ಪಟ್ಟಿಯೇ ಸಿಕ್ಕಂತೆ.

ಕಂಪನಿಯೊಳಗೆ ಯಾರನ್ನು ನೋಡಬೇಕು? ವ್ಯವಸ್ಥಾಪಕ ನಿರ್ದೇಶಕರನ್ನು ಭೇಟಿಯಾದರೆ ಚಹಾ, ಪ್ರೋತ್ಸಾಹದ ಮಾತು ಸಿಗುತ್ತದೆ. ಉತ್ಪಾದನೆ ಅಥವಾ ಗುಣಮಟ್ಟ ನೋಡಿಕೊಳ್ಳುವವರನ್ನು ಭೇಟಿಯಾದರೆ ಸಮಸ್ಯೆ ಸಿಗುತ್ತದೆ. ನಮಗೆ ಬೇಕಾದ್ದು ಸಮಸ್ಯೆ.

ಒಂದೇ ಒಂದು ಹಾಳೆ ಒಯ್ಯಿರಿ. ಅದರಲ್ಲಿ ಸಮಸ್ಯೆ, ಈಗಿನ ಪರಿಹಾರದ ಖರ್ಚು, ನಿಮ್ಮ ಪರಿಹಾರದಿಂದ ಆಗುವ ಬದಲಾವಣೆ, ಎಷ್ಟು ದೊಡ್ಡ ಪ್ರಮಾಣದಲ್ಲಿ ನೋಡಿದ್ದೀರಿ, ಪೇಟೆಂಟ್ ಅರ್ಜಿಯ ದಿನಾಂಕ ಇಷ್ಟಿದ್ದರೆ ಸಾಕು. ಸೂತ್ರ ಬೇಡ. ಪ್ರಕಟಿಸಿದ ಪ್ರಬಂಧಗಳ ಪಟ್ಟಿಯೂ ಬೇಡ. ಆಸಕ್ತಿ ಕಂಡರೆ ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡೇ ಒಳವಿವರ ಹೇಳಿ. ಕುಲಸಚಿವರ ಸಹಿ ಬೇಕಾದ ಕಾಗದ ಇದು. ಈ ಒಪ್ಪಂದದ ಕರಡನ್ನು ಮೊದಲೇ ಒಪ್ಪಿಸಿಟ್ಟುಕೊಳ್ಳದಿದ್ದರೆ ಕಡತ ಮೇಜಿನಿಂದ ಮೇಜಿಗೆ ಓಡಾಡುವಷ್ಟರಲ್ಲಿ ಕಂಪನಿಯ ಉತ್ಸಾಹ ಆರಿರುತ್ತದೆ.

ಮಾತು ಹೀಗೆ ಸಾಗಬಹುದು.

“ಮೇಡಂ, ನಮ್ಮಲ್ಲಿ ಹೊಸದೇನನ್ನೂ ಸೀಸನ್ ನಡುವೆ ಟ್ರೈ ಮಾಡಕ್ಕಾಗಲ್ಲ. ಒಂದು ಪಾಕ ಕೆಟ್ಟರೆ ಯಾರು ಕೊಡ್ತಾರೆ?”

“ಸರಿ ಸರ್, ನಿಮ್ಮ ಪಾಕ ಮುಟ್ಟೋದು ಬೇಡ. ನಿಮಗೆ ಕಬ್ಬು ಕೊಡೋರಲ್ಲಿ ಮೂವರ ಕಬ್ಬು ಕೊಡಿ. ನಾವು ವಿಭಾಗದಲ್ಲಿ ಅರೆದು, ಹೈಡ್ರೋಸ್ ಹಾಕಿ ಒಂದು, ಹಾಕದೆ ಒಂದು, ನಮ್ಮ ಪುಡಿ ಹಾಕಿ ಒಂದು ಮಾಡಿ ಕೊಡ್ತೀವಿ. ಮೂರನ್ನೂ ನಿಮ್ಮ ಗೋಡೌನಲ್ಲೇ ಇಟ್ಟು ನೋಡಿ. ಪರೀಕ್ಷೆ ಖರ್ಚು ಮಾತ್ರ ನಿಮ್ಮದು.”

ಪರೀಕ್ಷೆಯ ಖರ್ಚು ಅವರು ಕೊಡಬೇಕು ಎಂಬುದನ್ನು ಬಿಟ್ಟುಕೊಡಬೇಡಿ, ಮೊತ್ತ ಸಣ್ಣದಾದರೂ. ಹಣ ಕೊಟ್ಟವರು ಫಲಿತಾಂಶ ಕೇಳುತ್ತಾರೆ, ಮಾದರಿ ಸಮಯಕ್ಕೆ ಕಳಿಸುತ್ತಾರೆ, ತಮ್ಮವರೊಬ್ಬರನ್ನು ನಿಯೋಜಿಸುತ್ತಾರೆ. ಪುಕ್ಕಟೆ ಮಾಡಿಕೊಟ್ಟ ವರದಿಯನ್ನು ತೆರೆದೂ ನೋಡುವುದಿಲ್ಲ. ಹೇಳಿದ ದಿನಕ್ಕೆ ವರದಿ ಕೊಡುವುದು ನಿಮ್ಮ ಹೊಣೆ. ಪರೀಕ್ಷೆ, ರಜೆ, ಮೌಲ್ಯಮಾಪನ ಎಂದು ವಿಶ್ವವಿದ್ಯಾಲಯದ ಕಾರಣಗಳು ಅಲ್ಲಿ ನಡೆಯುವುದಿಲ್ಲ; ಮೊದಲೇ ಕ್ಯಾಲೆಂಡರ್ ನೋಡಿ ದಿನ ಕೊಡಿ.

ಹಂತ 6: ಒಪ್ಪಂದದಲ್ಲಿ ಏನಿರಬೇಕು

ಸಣ್ಣ ಕೆಲಸ ಫಲ ಕೊಟ್ಟರೆ ಮುಂದೆ ಪ್ರಾಯೋಜಿತ ಸಂಶೋಧನೆ, ಜಂಟಿ ಅಭಿವೃದ್ಧಿ, ಕೊನೆಗೆ ಲೈಸೆನ್ಸ್. ಯಾವ ಹೆಸರಿನ ಒಪ್ಪಂದವಾದರೂ ಈ ಅಂಶಗಳನ್ನು ಹಗುರವಾಗಿ ಬಿಡಬೇಡಿ.

ಮೊದಲನೆಯದು ಹಳೆಯದು ಮತ್ತು ಹೊಸದು. ಒಪ್ಪಂದಕ್ಕೆ ಮುಂಚೆ ನಿಮ್ಮ ಬಳಿ ಇದ್ದ ಜ್ಞಾನ ನಿಮ್ಮದೇ, ಅವರ ಬಳಿ ಇದ್ದದ್ದು ಅವರದೇ. ಎರಡನ್ನೂ ಅನುಬಂಧದಲ್ಲಿ ಪಟ್ಟಿ ಮಾಡಿ. ಒಟ್ಟಿಗೆ ಕೆಲಸ ಮಾಡುವಾಗ ಹುಟ್ಟಿದ್ದು ಯಾರದೆಂದು ಪ್ರತ್ಯೇಕವಾಗಿ ಬರೆಯಿರಿ. ‘ಜಂಟಿ ಒಡೆತನ’ ಎಂದು ಬರೆದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ನಮ್ಮ ಕಾಯ್ದೆಯಲ್ಲಿ ಸಹ-ಒಡೆಯರಲ್ಲಿ ಒಬ್ಬರು ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಲೈಸೆನ್ಸ್ ಕೊಡುವಂತಿಲ್ಲ, ಆದರೆ ತಾನೇ ಬಳಸಿಕೊಳ್ಳಬಹುದು. ಕಂಪನಿಗೆ ಕಾರ್ಖಾನೆ ಇದೆ, ವಿಶ್ವವಿದ್ಯಾಲಯಕ್ಕಿಲ್ಲ. ಬೇರೆ ಷರತ್ತು ಬರೆಯದಿದ್ದರೆ ಲಾಭ ಯಾವ ಕಡೆ ಹೋಗುತ್ತದೆ ಎಂಬುದು ಸ್ಪಷ್ಟ.

ಎರಡನೆಯದು ಕ್ಷೇತ್ರ ಮತ್ತು ಏಕಸ್ವಾಮ್ಯ. ಬೆಲ್ಲದ ಕಂಪನಿಗೆ ಬೆಲ್ಲದ ಮಟ್ಟಿಗೆ ಏಕಸ್ವಾಮ್ಯ ಕೊಡಿ. ಅದೇ ಪುಡಿ ಹಣ್ಣಿನ ರಸಕ್ಕೂ ನೀರಾಕ್ಕೂ ಆದೀತು. ಆ ಹಕ್ಕು ನಿಮ್ಮಲ್ಲೇ ಇರಲಿ. ಏಕಸ್ವಾಮ್ಯ ಕೊಟ್ಟಲ್ಲಿ ಗಡುವು ಇರಲೇಬೇಕು: ಇಂಥ ತಿಂಗಳೊಳಗೆ ಪ್ರಾಯೋಗಿಕ ಉತ್ಪಾದನೆ, ಇಂಥ ವರ್ಷದೊಳಗೆ ಮಾರಾಟ, ತಪ್ಪಿದರೆ ಹಕ್ಕು ವಾಪಸ್. ಪೈಪೋಟಿ ತಪ್ಪಿಸಲೆಂದೇ ಲೈಸೆನ್ಸ್ ತೆಗೆದುಕೊಂಡು ಕಪಾಟಿನಲ್ಲಿಡುವ ಕಂಪನಿಗಳೂ ಇರುತ್ತವೆ.

ಮೂರನೆಯದು ಹಣ. ಮುಂಗಡ, ಹಂತಗಳಿಗೆ ತಕ್ಕ ಪಾವತಿ, ಮಾರಾಟದ ಮೇಲೆ ರಾಯಧನ, ಕನಿಷ್ಠ ವಾರ್ಷಿಕ ಮೊತ್ತ. ಉದಾಹರಣೆಗೆ ವರ್ಷಕ್ಕೆ 50 ಲಕ್ಷ ರೂಪಾಯಿ ನಿವ್ವಳ ಮಾರಾಟವಾಗಿ ರಾಯಧನ ಶೇ. 3 ಎಂದಾದರೆ ವಿಶ್ವವಿದ್ಯಾಲಯಕ್ಕೆ ಬರುವುದು ಒಂದೂವರೆ ಲಕ್ಷ. ದೊಡ್ಡ ಮೊತ್ತವೇನಲ್ಲ. ಅದಕ್ಕೇ ಕನಿಷ್ಠ ಮೊತ್ತದ ಷರತ್ತು ಬೇಕು, ಮತ್ತು ಮೊದಲ ದಿನವೇ ಕೋಟಿಗಳ ಮುಂಗಡ ಕೇಳಿ ಸಣ್ಣ ಕಾರ್ಖಾನೆಯನ್ನು ಓಡಿಸಬಾರದು. ‘ನಿವ್ವಳ ಮಾರಾಟ’ ಎಂದರೆ ಏನೇನು ಕಳೆದ ಮೇಲೆ ಎಂದು ವ್ಯಾಖ್ಯಾನ ಬರೆಯಿರಿ: ತೆರಿಗೆ, ಸಾಗಣೆ, ವಾಪಸ್ ಬಂದ ಮಾಲು ಸರಿ, ಜಾಹೀರಾತು, ಕಮಿಷನ್ ಬೇಡ. ‘ಲಾಭದಲ್ಲಿ ಪಾಲು’ ಎಂಬ ಮಾತಿಗೆ ಒಪ್ಪಬೇಡಿ, ಲೆಕ್ಕದ ಪುಸ್ತಕದಲ್ಲಿ ಲಾಭ ಕಾಣದಂತೆ ಮಾಡುವುದು ಕಷ್ಟವಲ್ಲ. ಲೆಕ್ಕ ಪರಿಶೀಲಿಸುವ ಹಕ್ಕು ನಿಮಗಿರಲಿ. ಜಿಎಸ್‌ಟಿ ಯಾರು ಕಟ್ಟಬೇಕೆಂಬುದೂ ಬರಹದಲ್ಲಿರಲಿ.

ನಾಲ್ಕನೆಯದು ಪ್ರಕಟಣೆ. ಲೇಖನ ಕಳಿಸುವ ಮೊದಲು ಕಂಪನಿಗೆ ತೋರಿಸಲು 60 ದಿನ, ಪೇಟೆಂಟ್ ಅರ್ಜಿಗೆ ಬೇಕಾದರೆ ಇನ್ನು 30 ದಿನ, ಅಷ್ಟಾದ ಮೇಲೆ ತಡೆಯಿಲ್ಲ. ವಿದ್ಯಾರ್ಥಿಯ ಪ್ರಬಂಧ ಯಾವ ಕಾರಣಕ್ಕೂ ನಿಲ್ಲಬಾರದು ಎಂಬ ಸಾಲನ್ನು ನಾನಂತೂ ಪ್ರತಿ ಒಪ್ಪಂದದಲ್ಲೂ ನೋಡಲು ಬಯಸುತ್ತೇನೆ. ಒಂದು ಯುವಜೀವದ ನಾಲ್ಕೈದು ವರ್ಷ ಕಂಪನಿಯ ವ್ಯಾಪಾರದ ಗುಟ್ಟಿಗೆ ಒತ್ತೆಯಾಗಬಾರದು.

ಬಂದ ಹಣ ಆವಿಷ್ಕಾರಕರಿಗೆ, ವಿಭಾಗಕ್ಕೆ, ವಿಶ್ವವಿದ್ಯಾಲಯಕ್ಕೆ ಎಷ್ಟೆಷ್ಟು ಎಂಬುದು ಸಂಸ್ಥೆಯ ನೀತಿಯಲ್ಲಿರುತ್ತದೆ. ಇಲ್ಲದಿದ್ದರೆ ಹಣ ಬರುವ ಮೊದಲೇ ಸಿಂಡಿಕೇಟಿನ ಮುಂದಿಟ್ಟು ಒಪ್ಪಿಸಿ. ಬಂದ ಮೇಲೆ ಮಾತು ಬೇರೆಯಾಗುತ್ತದೆ.

ಹಂತ 7: ಲೈಸೆನ್ಸೋ, ಸ್ವಂತ ಕಂಪನಿಯೋ

ಈಗಾಗಲೇ ಇರುವ ಕಾರ್ಖಾನೆ ತನ್ನ ಯಂತ್ರದಲ್ಲೇ ನಿಮ್ಮ ವಸ್ತುವನ್ನು ಮಾಡಬಲ್ಲದಾದರೆ ಲೈಸೆನ್ಸ್ ಕೊಡಿ, ತರಗತಿಗೆ ಮರಳಿ. ಯಾರೂ ಮಾಡದ ವಸ್ತುವಾದರೆ, ಮತ್ತು ತಂಡದಲ್ಲಿ ಹಗಲಿರುಳು ಅದರ ಹಿಂದೆ ಬೀಳುವ ಒಬ್ಬ ಯುವಕನೋ ಯುವತಿಯೋ ಇದ್ದರೆ, ಆಗ ಕಂಪನಿಯ ಮಾತು. ಪ್ರಾಧ್ಯಾಪಕರೇ ಪಾಠ, ಆಡಳಿತ, ಕಂಪನಿ ಮೂರನ್ನೂ ಹೊರಲು ಹೊರಟರೆ ಮೂರೂ ಸೊರಗುತ್ತವೆ.

2019ರ ರಾಷ್ಟ್ರೀಯ ನಾವೀನ್ಯ ಮತ್ತು ನವೋದ್ಯಮ ನೀತಿ ಅಧ್ಯಾಪಕರಿಗೆ ಕಂಪನಿ ಕಟ್ಟಲು, ಅದಕ್ಕಾಗಿ ರಜೆ ಪಡೆಯಲು ದಾರಿ ಮಾಡಿದೆ. ಸಂಸ್ಥೆ ಕೊಡುವ ಜಾಗ, ಸೌಲಭ್ಯ, ಬೌದ್ಧಿಕ ಆಸ್ತಿಗೆ ಪ್ರತಿಯಾಗಿ ಶೇ. 2ರಿಂದ 9.5ರವರೆಗೆ ಷೇರು ಪಡೆಯಬಹುದೆಂದೂ ಹೇಳುತ್ತದೆ. ನಿಮ್ಮ ಸಂಸ್ಥೆ ಇದನ್ನು ತನ್ನ ನಿಯಮವಾಗಿ ಅಳವಡಿಸಿಕೊಂಡಿದೆಯೇ ಎಂದು ವಿಚಾರಿಸಿ ಮುಂದುವರಿಯಿರಿ. ವಿಶ್ವವಿದ್ಯಾಲಯದ ಉಪಕರಣವನ್ನು ಕಂಪನಿ ಬಳಸಿದರೆ ರಸೀದಿಯೊಂದಿಗೆ ಬಾಡಿಗೆ ಕಟ್ಟಿ. ನಿಮ್ಮ ಕಂಪನಿಯಲ್ಲಿ ದುಡಿಯುವ ವಿದ್ಯಾರ್ಥಿಗೆ ನೀವೇ ಮಾರ್ಗದರ್ಶಕರಾಗಿದ್ದರೆ, ಅವರಿಗೊಬ್ಬ ಸಹ-ಮಾರ್ಗದರ್ಶಕರು ಇರಲಿ.

ಆರಂಭದ ಹಣಕ್ಕೆ, ಮಾದರಿ ತಯಾರಿಕೆಗಾದರೆ ಕೇಂದ್ರ ಸರ್ಕಾರದ ನಿಧಿ–ಪ್ರಯಾಸ್‌ನಲ್ಲಿ 10 ಲಕ್ಷದವರೆಗೆ, ಜೈವಿಕ ತಂತ್ರಜ್ಞಾನದ ವಿಚಾರವಾದರೆ ಬೈರಾಕ್ ಸಂಸ್ಥೆಯ ಬಿಗ್ ಯೋಜನೆಯಲ್ಲಿ 18 ತಿಂಗಳಿಗೆ 50 ಲಕ್ಷದವರೆಗೆ, ರಾಜ್ಯ ಸರ್ಕಾರದ ಎಲಿವೇಟ್‌ನಲ್ಲಿ 50 ಲಕ್ಷದವರೆಗೆ ಅನುದಾನ ಉಂಟು. ಅರ್ಜಿ ಕರೆಯುವ ದಿನಗಳನ್ನು ಎಸ್‌ಜೆಸಿಇ–ಸ್ಟೆಪ್‌ನಂಥ ಇನ್‌ಕ್ಯುಬೇಟರುಗಳು ಹೇಳುತ್ತವೆ. ದೊಡ್ಡ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯೂ ಸರ್ಕಾರಿ ಅನುದಾನದ ಇನ್‌ಕ್ಯುಬೇಟರುಗಳಿಗೆ, ಸಾರ್ವಜನಿಕ ವಿಶ್ವವಿದ್ಯಾಲಯಗಳ ಸಂಶೋಧನೆಗೆ ಬರಬಹುದು, ಕೇಳುವವರು ಕಡಿಮೆ.

ಹಂತ 8: ಅನುಮತಿಗಳು

ಆಹಾರಕ್ಕೆ ಸೇರುವ ಯಾವುದಕ್ಕೂ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನಿಯಮ ಅನ್ವಯ. ರಸ ತಿಳಿಗೊಳಿಸುವ ಪುಡಿ ಈಗಿನ ಅನುಮತಿ ಪಟ್ಟಿಯಲ್ಲಿದೆಯೇ ನೋಡಿ. ಇಲ್ಲದಿದ್ದರೆ ನಿರ್ದಿಷ್ಟಪಡಿಸದ ಆಹಾರ ಮತ್ತು ಘಟಕಗಳ 2017ರ ನಿಬಂಧನೆಯಡಿ ಮೊದಲು ಅನುಮೋದನೆ ಪಡೆಯಬೇಕು, ಸುರಕ್ಷತೆಯ ದತ್ತಾಂಶ ಕೊಡಬೇಕು. ಇದನ್ನು ಕೊನೆಗೆ ನೋಡಿಕೊಂಡರಾಯಿತು ಎಂದು ಬಿಟ್ಟರೆ ಕಂಪನಿಯ ಯಂತ್ರ ಬಂದು ಕುಳಿತಿರುತ್ತದೆ, ಮಾರುವಂತಿರುವುದಿಲ್ಲ. ಮೊದಲ ಹಂತದಲ್ಲೇ ವಿಚಾರಿಸಿ.

ಹಂತ 9: ಮೊದಲ ಉತ್ಪಾದನೆಯ ನಂತರ

ಲೈಸೆನ್ಸಿಗೆ ಸಹಿಯಾದ ಕೂಡಲೇ ಸಂಶೋಧಕರು ಕೈಬಿಟ್ಟರೆ ತಂತ್ರಜ್ಞಾನ ಕಾರ್ಖಾನೆಯಲ್ಲಿ ಬೇರು ಬಿಡುವುದಿಲ್ಲ. ಪ್ರಬಂಧದಲ್ಲಿ ಬರೆಯದ ಎಷ್ಟೋ ಸಂಗತಿಗಳು ನಿಮ್ಮ ಕೈಯಲ್ಲಿವೆ: ಪುಡಿಯನ್ನು ಮೊದಲು ತಣ್ಣೀರಿನಲ್ಲಿ ನೆನೆಸಬೇಕು, ಸುಣ್ಣದ ನಂತರ ಹಾಕಬೇಕು, ನೊರೆ ಹಳದಿ ತಿರುಗಿದಾಗ ಎತ್ತಬೇಕು. ಇವನ್ನೆಲ್ಲ ಕನ್ನಡದಲ್ಲಿ, ಚಿತ್ರಸಹಿತ, ಗೋಡೆಗೆ ಅಂಟಿಸುವಂಥ ಒಂದು ಹಾಳೆಯಾಗಿ ಮಾಡಿಕೊಡಿ. ಕೆಲಸ ಮಾಡುವವರು ಓದುವುದು ಅದನ್ನೇ. ಒಪ್ಪಂದದಲ್ಲಿ ಮೊದಲ ಹಂಗಾಮಿಗೆ ಇಷ್ಟು ಭೇಟಿ ಎಂದು ಬರೆದು, ಅದರ ಖರ್ಚು ಕಂಪನಿ ಭರಿಸುವಂತೆ ನೋಡಿಕೊಳ್ಳಿ.

ಪೇಟೆಂಟ್ ಮಂಜೂರಾದ ಮೇಲೆ ವಾರ್ಷಿಕ ನವೀಕರಣ ಶುಲ್ಕ ಯಾರು ಕಟ್ಟಬೇಕೆಂದು ಗೊತ್ತುಪಡಿಸಿ. ಅದು ಬಳಕೆಯಾಗುತ್ತಿದೆಯೇ ಎಂಬ ನಮೂನೆ 27ರ ಹೇಳಿಕೆಯನ್ನು ಈಗ ಮೂರು ಹಣಕಾಸು ವರ್ಷಕ್ಕೊಮ್ಮೆ ಸಲ್ಲಿಸಿದರೆ ಸಾಕು, ಆದರೆ ಸಲ್ಲಿಸಲೇಬೇಕು. ಇದಕ್ಕೆ ವಿಭಾಗದಲ್ಲಿ ಒಬ್ಬ ಸಿಬ್ಬಂದಿಯ ಹೆಸರನ್ನೇ ಸೂಚಿಸಿ. ಪ್ರಾಧ್ಯಾಪಕರು ನಿವೃತ್ತರಾದ ವರ್ಷ ಶುಲ್ಕ ಕಟ್ಟದೆ ಪೇಟೆಂಟ್ ಸತ್ತುಹೋಗುವುದು ತೀರಾ ಸಾಮಾನ್ಯ.

ಎರಡನೇ ಹಂಗಾಮಿನ ಹೊತ್ತಿಗೆ ಕಂಪನಿಯವರು ಹೊಸ ದೂರುಗಳೊಂದಿಗೆ ಬರುತ್ತಾರೆ. ಪುಡಿ ತೇವ ಹಿಡಿಯಿತು, ಕೂಳೆ ಕಬ್ಬಿಗೆ ಬಣ್ಣ ಬರಲಿಲ್ಲ, ಚೀಲ ದೊಡ್ಡದಾಯಿತು. ಅವನ್ನು ಸಾಲಾಗಿ ಬರೆದುಕೊಳ್ಳಿ. ಮುಂದಿನ ಪಿಎಚ್.ಡಿ. ವಿದ್ಯಾರ್ಥಿಗೆ ವಿಷಯ ಅದರಲ್ಲಿದೆ, ಮುಂದಿನ ಅರ್ಜಿಯೂ ಅದರಲ್ಲಿದೆ, ಮತ್ತು ಈ ಬಾರಿ ಪ್ರಯೋಗದ ಖರ್ಚಿಗೆ ಕಂಪನಿಯನ್ನು ಕೇಳಲು ಸಂಕೋಚ ಪಡಬೇಕಾಗಿಲ್ಲ.